ಅಡುಗೆಮನೆಯ ಒಕ್ಕೂಟ ಬಿಟ್ಟ ಚಿಕ್ಕಪ್ಪ

ಹೆಂಡತಿ ಮನೆಯಿಂದ ಆಚೆ ಹಾಕಿದ ಗಂಡಂದಿರನ್ನು ನೀವು ನೋಡಿರಬಹುದು, ನೋಡಿಲ್ಲದಿದ್ದರೆ ಕೇಳಿಯಾದರೂ ಇರುತ್ತೀರಿ. ಆದರೆ ತಾವೇ ಲಿಖಿತ ನೋಟಿಸು ಕೊಟ್ಟು, ಅದರ ಒಂದು ಪ್ರತಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ನಗುನಗುತ್ತಾ ತಮ್ಮದೇ ಮನೆಯ ಅಡುಗೆಮನೆಯಿಂದ ಹೊರಬಿದ್ದ ಗಂಡಸನ್ನು ನೋಡಿದ್ದೀರಾ? ಸಾಧ್ಯವೇ ಇಲ್ಲ! ಅಂಥವರು ಈ ಭೂಮಿಯ ಮೇಲೆ ಒಬ್ಬರೇ ಇರುವುದು. ಅವರು ನಮ್ಮ ಚಿಕ್ಕಪ್ಪ, ಇರುವುದು ಅಮೆರಿಕದ ಡಾಲಸ್ ಪಕ್ಕದ ಲಿಟಲ್ ಎಲ್ಮ್‌ನಲ್ಲಿ. ನಾನು ಅಲ್ಲಿಂದ ಅರ್ಧ ಗಂಟೆ ದೂರದ ಪ್ಲೇನೋದಲ್ಲಿರುವುದರಿಂದ ಇದನ್ನೆಲ್ಲ ಕಣ್ಣಾರೆ ಕಾಣುವ ಭಾಗ್ಯ ನನ್ನದಾಯಿತು.

ಟೆಕ್ಸಸ್ಸಿಗೆ ಬರುವ ಮೊದಲು ಚಿಕ್ಕಪ್ಪ, ಚಿಕ್ಕಮ್ಮ ಹದಿನೆಂಟು ವರ್ಷ ಇಂಗ್ಲೆಂಡಿನಲ್ಲಿದ್ದರು. ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಆ ದೇಶ ತನ್ನ ಜನರನ್ನು ಕೇಳಿತಲ್ಲ, ಆಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ನೆಲೆಸಿದ್ದ ನಮ್ಮವರಿಗೂ ಕಾಮನ್‌ವೆಲ್ತ್ ದೇಶದವರೆಂದು ಮತ ಹಾಕುವ ಹಕ್ಕಿತ್ತು. ಇಬ್ಬರೂ ಒಂದೇ ಕೊಡೆಯಲ್ಲಿ ಹೋದರು. ಚಿಕ್ಕಮ್ಮ ‘ಇರಬೇಕು’ ಎಂದು ಗುರುತು ಹಾಕಿದರು, ಚಿಕ್ಕಪ್ಪ ‘ಬಿಡಬೇಕು’ ಎಂದು. ಬರುವಾಗ ಕೊಡೆ ಚಿಕ್ಕಮ್ಮನ ಕೈಯಲ್ಲಿತ್ತು, ಚಿಕ್ಕಪ್ಪ ನೆನೆದುಕೊಂಡು ಬಂದರು.

ಅಲ್ಲ ಚಿಕ್ಕಪ್ಪ, ಯಾಕೆ ಬಿಡಬೇಕು ಅಂತ ಹಾಕಿದಿರಿ ಎಂದು ಒಮ್ಮೆ ಕೇಳಿದೆ. ವಾಣಿಜ್ಯ, ಸಾರ್ವಭೌಮತ್ವ ಅಂತೆಲ್ಲ ದೊಡ್ಡ ಮಾತು ಬರಬಹುದು ಎಂದುಕೊಂಡಿದ್ದೆ.

“ಪುಟ್ಟೀ, ಏರ್‌ಪೋರ್ಟಲ್ಲಿ ಪ್ರತೀ ಸಲ ನಾನು ಹನುಮಂತನ ಬಾಲದಂಥ ಲೈನಲ್ಲಿ ನಿಂತ್ಕೊಳ್ತಿದ್ದೆ. ಪಕ್ಕದ ಲೈನಲ್ಲಿ ಯುರೋಪಿನವ್ರು ಸೊಂಯ್ ಅಂತ ಹೋಗ್ತಿದ್ರು. ಅವ್ರೂ ಒಂದಿನ ನಿಂತು ನೋಡ್ಲಿ ಅಂತ ಹಾಕ್ದೆ!”

“ಆಮೇಲೆ ನಿಂತರಾ?”

ಚಿಕ್ಕಪ್ಪ ಕನ್ನಡಕ ಒರೆಸಿಕೊಂಡರು. “ಇಲ್ಲ. ಈಗ್ಲೂ ಮಷಿನ್ ಗೇಟಲ್ಲಿ ಸೊಂಯ್ ಅಂತಾನೇ ಹೋಗ್ತಾರೆ.”

ಮುಂದೆ ಏನಾಯಿತೆಂದರೆ, ಬ್ರಿಟನ್ ಒಕ್ಕೂಟ ಬಿಟ್ಟಿತು, ಅದೇ ಕಾರಣಕ್ಕೆ ಚಿಕ್ಕಪ್ಪನ ಆಫೀಸಿನವರು ಅವರ ಇಡೀ ವಿಭಾಗವನ್ನು ಎತ್ತಿ ಯುರೋಪಿನ ಕಡೆ ಹಾಕಿದರು. ನೀವು ಬೇಕಾದರೆ ಡಾಲಸ್ ಆಫೀಸಿಗೆ ಹೋಗಿ, ಇಲ್ಲವಾದರೆ ಮನೆಗೆ ಹೋಗಿ ಎಂದರು. ಚಿಕ್ಕಪ್ಪ ಇದನ್ನು ಇವತ್ತಿಗೂ ಪ್ರಮೋಷನ್ ಎಂದೇ ಕರೆಯುತ್ತಾರೆ! ಚಿಕ್ಕಮ್ಮನಿಗೂ ಅಲ್ಲೊಂದು ಕೆಲಸವಿತ್ತು. ಒಂದು ಪ್ರೈಮರಿ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ. ಮೊಣಕಾಲು ಮುಟ್ಟುವ ಹಳದಿ ಕೋಟು, ಕೈಯಲ್ಲಿ ‘ನಿಲ್ಲಿ’ ಎಂದು ಬರೆದ ದುಂಡು ಫಲಕದ ಉದ್ದ ಕೋಲು. ಅವರು ಕೋಲು ಎತ್ತಿದರೆ ಲಾರಿಯೂ ನಿಲ್ಲಬೇಕು, ಪೊಲೀಸರ ಕಾರೂ ನಿಲ್ಲಬೇಕು. ಹನ್ನೊಂದು ವರ್ಷ ಮಳೆ ಚಳಿ ಎನ್ನದೆ ನಿಂತರು, ಪ್ರತಿ ಮಗುವಿನ ಹೆಸರೂ ಬಾಯಲ್ಲಿತ್ತು. ಇಲ್ಲಿ ಟೆಕ್ಸಸ್ಸಿನಲ್ಲಿ ಹಾಲು ತರುವುದಕ್ಕೂ ಕಾರು ಬೇಕು, ಫ್ರೀವೇ ಎಂಬ ಇಲ್ಲಿಯ ಹೆದ್ದಾರಿಗೆ ಕಾರು ಇಳಿಸಲು ಚಿಕ್ಕಮ್ಮ ಸುತರಾಂ ಒಪ್ಪುವುದಿಲ್ಲ. ಇಡೀ ಊರಿನ ವಾಹನಗಳನ್ನು ನಿಲ್ಲಿಸಿದಾಕೆ ಈಗ ತರಕಾರಿ ಅಂಗಡಿಗೆ ಹೋಗಲು ಯಾರಾದರೂ ಕರೆದೊಯ್ಯಲಿ ಎಂದು ಕಾಯುತ್ತಾರೆ.

ಇಷ್ಟಾದರೂ ಚಿಕ್ಕಪ್ಪನ ವಾದ ಒಂದೇ: “ಒಕ್ಕೂಟ ಬಿಟ್ಟಿದ್ದಕ್ಕೆ ಪರಿಣಾಮ ಏನೂ ಇಲ್ಲ!” ಇದನ್ನು ಅವರು ಎಲ್ಲಿ ಹೇಳಿಲ್ಲ ಹೇಳಿ? ಪ್ಲೇನೋದ ಗೃಹಪ್ರವೇಶದಲ್ಲಿ ಹೇಳಿದ್ದಾರೆ, ಸತ್ಯನಾರಾಯಣ ಪೂಜೆಯ ಪ್ರಸಾದದ ಸಾಲಿನಲ್ಲಿ ಹೇಳಿದ್ದಾರೆ, ಕ್ಷೌರದ ಅಂಗಡಿಯ ಕುರ್ಚಿಯಲ್ಲಿ ಹೇಳಲು ಹೋಗಿ ಒಂದು ಕಡೆಯ ಮೀಸೆ ಕಳೆದುಕೊಂಡಿದ್ದಾರೆ. ನಮ್ಮ ಸಾಫ್ಟ್‌ವೇರ್ ಹುಡುಗರು “ಅಂಕಲ್, ಎಕ್ಸ್‌ಪೋರ್ಟ್ ಕಡಿಮೆ ಆಗಿಲ್ವಾ? ಪೇಪರ್‌ವರ್ಕ್ ಜಾಸ್ತಿ ಆಗಿಲ್ವಾ?” ಎಂದು ಮೊಬೈಲಿನಲ್ಲಿ ಗ್ರಾಫು ತೋರಿಸುತ್ತಿದ್ದರು. ಚಿಕ್ಕಪ್ಪ ಗ್ರಾಫನ್ನು ತಲೆಕೆಳಗು ಹಿಡಿದು, “ಈಗ ನೋಡು, ಏರಿದೆ” ಎನ್ನುತ್ತಿದ್ದರು.

ಸಂಕ್ರಾಂತಿ ಕಳೆದ ಭಾನುವಾರ ನಾವು ನಾಲ್ಕಾರು ಮನೆಯವರು ಲಿಟಲ್ ಎಲ್ಮ್‌ನಲ್ಲಿ ಊಟಕ್ಕೆ ಸೇರಿದ್ದೆವು. ವಾದ ಎಂದಿನಂತೆ ಹುಳಿಯ ಹೊತ್ತಿಗೆ ಶುರುವಾಗಿ ಮೊಸರಿನ ಹೊತ್ತಿಗೆ ಕಾವೇರಿತು. ಬಡಿಸುತ್ತಿದ್ದ ಚಿಕ್ಕಮ್ಮ ಸೌಟು ಹಿಡಿದುಕೊಂಡೇ ನಿಂತರು.

“ರೀ, ಒಕ್ಕೂಟ ಬಿಟ್ರೆ ಏನೂ ಆಗಲ್ಲ ಅಲ್ವಾ?”

“ಏನೇನೂ ಆಗಲ್ಲ.”

“ಈ ಮನೇಲೂ ಒಂದು ಒಕ್ಕೂಟ ಇದೆ. ನೀವು ಸಾಮಾನು ತರ್ತೀರಿ, ನಾನು ಬೇಯಿಸ್ತೀನಿ, ಇಬ್ರೂ ತಿಂತೀವಿ. ಯುಗಾದಿ ತನಕ ಬಿಟ್ಟು ನೋಡಿ.”

ಬೇರೆ ಯಾವ ಗಂಡಸಾದರೂ ಹ್ಹೆಹ್ಹೆ ಎಂದು ನಕ್ಕು ಇನ್ನೊಂದು ಸೌಟು ಹುಳಿ ಹಾಕಿಸಿಕೊಳ್ಳುತ್ತಿದ್ದ. ಚಿಕ್ಕಪ್ಪ ಕೈ ತೊಳೆದು ಬಂದು, ಕಾಗದ ತೆಗೆದು, ನಮ್ಮೆಲ್ಲರ ಎದುರೇ ನೋಟಿಸು ಬರೆದರು! ಸಾಕ್ಷಿಯ ರುಜು ನನ್ನದು. ಪಾತ್ರೆ ತೊಳೆಯುವಾಗ ನಾನು ಗಾಬರಿಯಿಂದ, “ಇದೇನು ಚಿಕ್ಕಮ್ಮಾ, ಹುಡುಗಾಟ?” ಎಂದೆ.

“ನಂಗೆ ಆ ಬ್ರಿಟನ್ನು ಉದ್ಧಾರ ಆದ್ರೂ ಒಂದೇ, ಹಾಳಾದ್ರೂ ಒಂದೇ ಕಣೇ,” ಎಂದರು ಚಿಕ್ಕಮ್ಮ, ತಪ್ಪಲೆಯ ತಳ ಉಜ್ಜುತ್ತಾ. “ಪರಿಣಾಮ ಆಯ್ತು ಅಂತ ಈ ಮನುಷ್ಯ ಒಂದೇ ಒಂದ್ಸಲ ಬಾಯಿ ಬಿಟ್ಟು ಹೇಳ್ಲಿ. ನಂಗೆ ಅಷ್ಟು ಸಾಕು.”

ಆಸ್ತಿ ಹಂಚಿಕೆಯಾಯಿತು. ಅಡುಗೆಮನೆ, ಕುಕ್ಕರು, ಮಿಕ್ಸಿ, ಸಾಂಬಾರ ಡಬ್ಬಿಗಳೆಲ್ಲ ಒಕ್ಕೂಟದ್ದು. ಚಿಕ್ಕಪ್ಪನಿಗೆ ಮನೆಗೇ ಅಂಟಿಕೊಂಡ ಕಾರಿನ ಗ್ಯಾರೇಜು, ಒಂದು ಕರೆಂಟ್ ಒಲೆ, ಎರಡು ಪಾತ್ರೆ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುವ ಅವರು ಮೇಜನ್ನೂ ಗ್ಯಾರೇಜಿಗೆ ಸಾಗಿಸಿದರು. ನಡುವಿನ ಬಾಗಿಲೇ ಗಡಿ. ಗಡಿ ದಾಟಿ ಏನು ಬೇಕಾದರೂ ಚಿಕ್ಕಮ್ಮನ ಬಳಿ ಫಾರಂ ತುಂಬಬೇಕು: ಏನು ಬೇಕು, ಯಾಕೆ ಬೇಕು, ಯಾವಾಗ ವಾಪಸ್. ಒಂದು ಚಮಚ ಸಾಸಿವೆಗೆ ಚಿಕ್ಕಪ್ಪ ‘ಯಾಕೆ ಬೇಕು’ ಎಂಬಲ್ಲಿ ‘ನನ್ನಿಷ್ಟ’ ಎಂದು ಬರೆದರು. ‘ಯಾವಾಗ ವಾಪಸ್’ ಖಾಲಿ ಬಿಟ್ಟರು. ಅರ್ಜಿ ಎರಡೂ ಕಾರಣಕ್ಕೆ ತಿರಸ್ಕೃತವಾಯಿತು.

ಸುಂಕ ಬೇರೆ! ಒಂದು ಲೋಟ ಕಾಫಿ ಆಚೆ ಬರಬೇಕಾದರೆ ಹತ್ತು ಎಸಳು ಬೆಳ್ಳುಳ್ಳಿ ಸುಲಿದು ಒಳಗೆ ಕಳಿಸಬೇಕು. ಚಿಕ್ಕಪ್ಪನಿಗೆ ದಿನಕ್ಕೆ ಐದು ಲೋಟ ಕಾಫಿ ಬೇಕು. ಮೂರನೆಯ ದಿನದ ಹೊತ್ತಿಗೆ ಅವರ ಬೆರಳಿನ ವಾಸನೆ ವಿಡಿಯೋ ಮೀಟಿಂಗಿನಲ್ಲಿ ಆಚೆ ಕಡೆಯವರಿಗೂ ಬಡಿಯುತ್ತಿತ್ತೋ ಏನೋ, ನನಗಂತೂ ಪ್ಲೇನೋದಲ್ಲಿ ಫೋನ್ ಎತ್ತಿದರೆ ಬರುತ್ತಿತ್ತು.

ಇಷ್ಟರಲ್ಲಿ ಒಂದು ಘೋರ ಸಮಸ್ಯೆ ಎದ್ದಿತು. ಇಲ್ಲಿಯ ಎಲ್ಲ ನಮ್ಮವರ ಮನೆಗಳಂತೆ ಅವರಲ್ಲೂ ಎರಡನೆಯ ಫ್ರಿಜ್ಜು ಗ್ಯಾರೇಜಿನಲ್ಲಿದೆ! ಅದರ ತುಂಬ ಚಿಕ್ಕಮ್ಮನ ಮೊಸರು, ತೆಂಗಿನ ತುರಿ, ದೋಸೆ ಹಿಟ್ಟು.

“ನನ್ನ ನೆಲದ ಮೇಲಿರೋ ಫ್ರಿಜ್ಜು ನಂದು,” ಎಂದರು ಚಿಕ್ಕಪ್ಪ.

“ಒಳಗಿರೋ ಮೊಸರು ಒಕ್ಕೂಟದ್ದು. ಒಂದು ಚಮಚ ಕಡಿಮೆಯಾದ್ರೂ ಗೊತ್ತಾಗತ್ತೆ.”

ಹೊರಬಂದ ಬ್ರಿಟನ್ನಿಗೆ ಒಕ್ಕೂಟದಲ್ಲೇ ಉಳಿದ ಐರ್ಲೆಂಡಿನ ಗಡಿ ಕಗ್ಗಂಟಾಯಿತಲ್ಲ, ಇದೂ ಥೇಟ್ ಹಾಗೆಯೇ. ನನ್ನ ಮಧ್ಯಸ್ಥಿಕೆಯಲ್ಲಿ ಮೂರು ಗಂಟೆ ಮಾತುಕತೆ ನಡೆಯಿತು. ಕೊನೆಗೆ ಬಾಗಿಲಿನಿಂದ ಫ್ರಿಜ್ಜಿನವರೆಗೆ ಗ್ಯಾರೇಜಿನ ನೆಲಕ್ಕೆ ನೀಲಿ ಟೇಪು ಅಂಟಿಸಿ, ಆ ದಾರಿ ಒಕ್ಕೂಟದ್ದು ಎಂದು ತೀರ್ಮಾನವಾಯಿತು. ಅಲ್ಲಿಂದಾಚೆ ಚಿಕ್ಕಪ್ಪ ಗ್ಯಾರೇಜಿನ ಆ ಬದಿಗೆ ಹೋಗಬೇಕಾದರೆ ಟೇಪು ತುಳಿಯದೆ ಪಂಚೆ ಎತ್ತಿ ನೆಗೆಯುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ!

ಜನವರಿ ಚಳಿಯಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು, ಗ್ಯಾರೇಜಿನ ದೊಡ್ಡ ಬಾಗಿಲು ತೆಗೆದಿಟ್ಟು ಉಪ್ಪಿಟ್ಟು ಕೆದಕುತ್ತಿದ್ದ ಇವರನ್ನು ಎದುರುಮನೆಯ ಮುದುಕ ನೋಡಿದ. ಅಪ್ಪಟ ಟೆಕ್ಸಸ್ಸಿನವನು, ಟೆಕ್ಸಸ್ಸೂ ಅಮೆರಿಕದ ಒಕ್ಕೂಟ ಬಿಟ್ಟು ಬೇರೆ ದೇಶವಾಗಬೇಕು ಎಂದು ತನ್ನ ಟ್ರಕ್ಕಿನ ಹಿಂದೆ ಅಂಟಿಸಿಕೊಂಡವನು. ಹೆಂಡತಿ ಹೊರಗೆ ಹಾಕಿದಳೇ ಎಂದು ಪಾಪ ಕನಿಕರದಿಂದ ವಿಚಾರಿಸಿದ. ಇಲ್ಲ, ನಾನೇ ಒಕ್ಕೂಟ ಬಿಟ್ಟೆ ಎಂದರು ಚಿಕ್ಕಪ್ಪ. ಮುದುಕ ಟೋಪಿ ತೆಗೆದು ಕೈ ಕುಲುಕಿದ. ಅಲ್ಲೇ ಮೊದಲ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾಯಿತು! ಮುದುಕ ರಾತ್ರಿಯಿಡೀ ಹೊಗೆಯಲ್ಲಿ ಬೇಯಿಸಿದ ಮಾಂಸದ ತಟ್ಟೆ ತಂದ, ಚಿಕ್ಕಪ್ಪ ಶುದ್ಧ ಸಸ್ಯಾಹಾರಿ. ತಟ್ಟೆಯ ಅಂಚಿನಲ್ಲಿದ್ದ ಎರಡು ಬಿಳಿ ಬ್ರೆಡ್ಡು, ನಾಲ್ಕು ಹೋಳು ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಇದಿಷ್ಟು ನಮ್ಮ ಕಡೆಯ ಆಮದು.

ಆದರೂ ಎದೆಗುಂದಲಿಲ್ಲ. “ಸ್ವತಂತ್ರ ಆದ್ಮೇಲೆ ಇಡೀ ಪ್ರಪಂಚವೇ ಮಾರ್ಕೆಟ್ಟು ಪುಟ್ಟೀ!” ಎಂದು ಹೂಸ್ಟನ್ನಿನಲ್ಲಿರುವ ಹಳೆಯ ಸಹಪಾಠಿಗೆ ಫೋನ್ ಮಾಡಿದರು. ಅವರ ಮನೆಯ ಸಾರಿನ ಪುಡಿ ಘಮಘಮ ಎಂದು ಪ್ರಸಿದ್ಧ. ಶನಿವಾರ ಬೆಳಿಗ್ಗೆ ಹೊರಟು, ನಾಲ್ಕೂವರೆ ಗಂಟೆ ಡ್ರೈವ್ ಮಾಡಿ, ಪುಡಿ ಇಸಕೊಂಡು, ಮತ್ತೆ ನಾಲ್ಕೂವರೆ ಗಂಟೆ ಡ್ರೈವ್ ಮಾಡಿ ಬಂದರು. ಚಿಕ್ಕಮ್ಮನ ಸಾರಿನ ಪುಡಿಯ ಡಬ್ಬಿ ಗ್ಯಾರೇಜಿನಿಂದ ಹದಿನಾಲ್ಕು ಹೆಜ್ಜೆ! ಹೋಗಲಿ, ಪುಡಿ ಬಂತು, ಸಾರು ಮಾಡೋಣ ಎಂದು ಕೂತಾಗ ಹೊಳೆಯಿತು: ಬೇಳೆ ಬೇಯಿಸುವ ಕುಕ್ಕರು ಒಕ್ಕೂಟದ್ದು.

ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿರುವ ಮಗಳಿಗೆ ಫೋನ್ ಹೋಯಿತು. ಚಿಪ್ ಕಂಪನಿಯಲ್ಲಿರುವ ಆ ಹುಡುಗಿ ಅಮ್ಮನ ಕಡೆಯೋ ಅಪ್ಪನ ಕಡೆಯೋ ಈಗಲೇ ಹೇಳಬೇಕಂತೆ. ತಾನು ತಟಸ್ಥ ಎಂಬುದನ್ನು ಅವಳು ಇಂಗ್ಲಿಷಿನಲ್ಲೇ ಹೇಳಿ ಮುಗಿಸಿದಳು: “ಅಪ್ಪಾ, ಐ ಆಮ್ ಸ್ವಿಟ್ಜರ್‌ಲೆಂಡ್.”

ಹೀಗೆ ಎರಡು ತಿಂಗಳು. ಚಿಕ್ಕಪ್ಪ ಆರು ಕೆ.ಜಿ. ಇಳಿದರು. “ಪರಿಣಾಮ?” ಎಂದು ನಾವು ಕೇಳಿದರೆ, “ಇದು ಡಯಟ್ಟು” ಎನ್ನುತ್ತಿದ್ದರು. ನಗುತ್ತಿದ್ದೆವು ನಿಜ, ಆದರೆ ನನಗೆ ಒಳಗೊಳಗೇ ಬೇಜಾರಾಗತೊಡಗಿತ್ತು. ಆಟವಾಗಿ ಶುರುವಾದದ್ದರಲ್ಲಿ ಇಬ್ಬರೂ ಮಾತು ಕಡಿಮೆ ಮಾಡಿದ್ದರು. ಚಿಕ್ಕಮ್ಮ ಒಬ್ಬರೇ ಕೂತು ಊಟ ಮಾಡುತ್ತಿದ್ದರು. ಈ ಮನುಷ್ಯ ಅದೊಂದು ಮಾತು ಹೇಳಿಬಿಟ್ಟರೆ ಇವರ ಗಂಟೇನು ಹೋಗುತ್ತದೆ ಎಂದು ಸಿಟ್ಟೂ ಬರುತ್ತಿತ್ತು.

ಯುಗಾದಿ ಬಂತು. ಡಾಲಸ್, ಹೂಸ್ಟನ್, ಆಸ್ಟಿನ್ ಮೂರೂ ಕಡೆಯ ಕನ್ನಡದವರು ಪ್ಲೇನೋದ ಒಂದು ಸಭಾಂಗಣದಲ್ಲಿ ಸೇರಿ ಹೋಳಿಗೆ ಊಟ ಇಟ್ಟುಕೊಂಡಿದ್ದರು. ಊಟಕ್ಕೆ ಮೊದಲು ಹರಟೆ. ವಿಷಯ: ‘ಕೂಡಿದ್ದರೆ ಲಾಭವೋ, ಬಿಟ್ಟರೆ ಲಾಭವೋ?’ ಗ್ಯಾರೇಜಿನ ಸಮಾಚಾರ ಮೂರೂ ಊರಿಗೆ ಹಬ್ಬಿದ್ದರಿಂದಲೇ ಇಟ್ಟ ವಿಷಯ ಅದು, ಬೇರೆ ಹೇಳಬೇಕೇ? ಚಿಕ್ಕಮ್ಮ ವೇದಿಕೆ ಹತ್ತಲು ಒಪ್ಪಲಿಲ್ಲ. ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತರು, ಪಕ್ಕದಲ್ಲಿ ನಾನು.

ಚಿಕ್ಕಪ್ಪ ಮೈಕ್ ಹಿಡಿದರು. ಏರ್‌ಪೋರ್ಟಿನ ಲೈನು, ಸಾಸಿವೆಯ ಫಾರಂ, ಮುದುಕನ ಮಾಂಸದ ತಟ್ಟೆ, ಒಂದೊಂದಕ್ಕೂ ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಿನಿಂದ ಒಬ್ಬ ಹುಡುಗ ಕೂಗಿದ: “ಅಂಕಲ್, ಹಾಗಾದ್ರೆ ಪರಿಣಾಮ?”

‘ಏನೂ ಇಲ್ಲ!’ ಎಂದು ಕೂಗಲು ಇಡೀ ಸಭೆ ಚಿಕ್ಕಪ್ಪನ ಜೊತೆ ಬಾಯಿ ತೆರೆದು ಕೂತಿತ್ತು. ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಮರೆತರೇನೋ ಎಂದುಕೊಂಡೆ.

“ನಾನು ಎರಡು ತಿಂಗಳಿಂದ ಗ್ಯಾರೇಜಲ್ಲಿ ಕೂತಿದೀನಿ,” ಎಂದರು. “ಬಾಗ್ಲು ತೆಗೆದಿದ್ರೆ ರಸ್ತೆ ಕಾಣತ್ತೆ. ಮೂರೂ ಕಾಲಿಗೆ ನಮ್ಮನೆ ಮುಂದೆ ಸ್ಕೂಲ್ ಬಸ್ ನಿಲ್ಲತ್ತೆ. ಇವಳು ಮೂರು ಗಂಟೆಗೇ ಮುಂಬಾಗ್ಲಿಂದ ಬಂದು ಹುಲ್ಲಿನ ಅಂಚಲ್ಲಿ ನಿಂತಿರ್ತಾಳೆ. ದಿನಾ. ನನ್ನ ಕಡೆ ಬೆನ್ನು, ನಾನು ನೋಡ್ತಿರೋದು ಅವಳಿಗೆ ಗೊತ್ತಿಲ್ಲ. ಇಲ್ಲಿ ಬಸ್ಸೇ ಪಕ್ಕದಿಂದ ಕೆಂಪು ಬೋರ್ಡು ಚಾಚಿ ಕಾರೆಲ್ಲ ನಿಲ್ಸತ್ತೆ, ಇವಳಿಗೆ ಮಾಡಕ್ಕೆ ಏನೂ ಇಲ್ಲ. ಆದ್ರೂ ಬಲಗೈ ಇಷ್ಟೇ ಇಷ್ಟು ಎತ್ಕೊಂಡಿರ್ತಾಳೆ. ಕೊನೇ ಮಗು ರಸ್ತೆ ದಾಟೋ ತನಕ ಇಳ್ಸಲ್ಲ.”

ಚಿಕ್ಕಮ್ಮ ತಲೆ ತಗ್ಗಿಸಿ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ಪರಿಣಾಮ ಆಗಿದೆ,” ಎಂದರು ಚಿಕ್ಕಪ್ಪ. “ಮತ ಹಾಕಿದ್ದು ನಾನು. ಆಗಿದ್ದು ಇವಳಿಗೆ. ನಾನು ಇಷ್ಟು ವರ್ಷ ಸುಳ್ಳು ಹೇಳ್ದೆ.”

ಸಮಯ ಮುಗಿದರೂ ಗಂಟೆ ಬಾರಿಸುವವರು ಬಾರಿಸಲಿಲ್ಲ. ಎಲ್ಲದಕ್ಕೂ ಮೊದಲು ಚಪ್ಪಾಳೆ ತಟ್ಟುವ ನನಗೂ ಕೈ ಏಳಲಿಲ್ಲ. ಚಿಕ್ಕಮ್ಮ ಕಣ್ಣೊರೆಸಿಕೊಂಡು ಎದ್ದು ನಿಂತರು. ಕೂತಿದ್ದು ಮೊದಲ ಸಾಲು, ಆ ಸ್ಪೀಕರಿನ ಸದ್ದು ಪಾರ್ಕಿಂಗ್ ಲಾಟಿನವರೆಗೂ ಹೋಗುತ್ತಿತ್ತು.

“ಸರಿಯಾಗಿ ಕೇಳಿಸ್ಲಿಲ್ಲ ರೀ,” ಎಂದರು. “ಇನ್ನೊಂದ್ಸಲ ಹೇಳಿ.”

ಚಿಕ್ಕಪ್ಪ ಮೈಕನ್ನು ಮೇಜಿನ ಮೇಲಿಟ್ಟರು. ವೇದಿಕೆಯ ಮೆಟ್ಟಿಲಿಳಿದು ಚಿಕ್ಕಮ್ಮನ ಎದುರಿಗೆ ಬಂದು ನಿಂತು ಇನ್ನೊಂದು ಸಲ ಹೇಳಿದರು. ಈ ಸಲ ಪಕ್ಕದಲ್ಲೇ ಇದ್ದ ನನಗೂ ಕೇಳಿಸಲಿಲ್ಲ.