ಕಾಶಿಯಲ್ಲಿ ಬಿಟ್ಟದ್ದು, ಡಾರ್ಜಿಲಿಂಗಿನಲ್ಲಿ ನುಂಗಿದ್ದು

ದೇವರ ಹತ್ತಿರ ನಾನು ಕೊಂಚ ಚೌಕಾಸಿ ಮಾಡುವ ಹೆಂಗಸು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಭಕ್ತಿಗೇನೂ ಕೊರತೆಯಿಲ್ಲ. ದೀಪ ಹಚ್ಚದೆ ಒಂದು ದಿನವೂ ಒಲೆ ಹಚ್ಚಿದವಳಲ್ಲ. ಇಲ್ಲಿ ಅಮೆರಿಕದ ಯೂಲೆಸ್ಸಿನ ನಮ್ಮ ಮನೆಯಿಂದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿಗೆ ಡ್ರೈವ್ ಮಾಡುವಾಗ, ಫ್ರೀವೇಗೆ ಸೇರುವ ಜಾಗದಲ್ಲಿ ಯಾವನೋ ಪುಣ್ಯಾತ್ಮ ಟ್ರಕ್ಕಿನವನು ದಾರಿ ಬಿಟ್ಟರೆ ಅದು ಹನುಮಂತನ ಕೃಪೆಯೆಂದೇ ನಂಬುತ್ತೇನೆ. ಅನ್ನ ಉದುರುದುರಾಗಿ ಆದರೂ ಒಂದು ನಮಸ್ಕಾರ ಹಾಕುತ್ತೇನೆ. ಆದರೆ ಏಕಾದಶಿಯ ದಿನ ನಮ್ಮ ಮನೆಯ ಸಾಬುದಾನಿ ಖಿಚಡಿ, ಅವಲಕ್ಕಿ, ಬಾಳೆಹಣ್ಣಿನ ರಸಾಯನ ನೋಡಿದವರು, ಈಕೆಯ ನಿಜವಾದ ಉಪವಾಸ ಮಾರನೆಯ ದಿನ ಎನ್ನುತ್ತಾರೆ. ಹೊಟ್ಟೆ ಅಷ್ಟು ತುಂಬಿರುತ್ತದೆ.

ಕಾಶಿಗೆ ಹೋದವರು ತಮಗೆ ಇಷ್ಟವಾದ ಪದಾರ್ಥವೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕೆಂಬ ಪದ್ಧತಿ ನಮ್ಮಲ್ಲಿದೆ. ಬಿಟ್ಟದ್ದನ್ನು ಆಮೇಲೆ ಜೀವ ಇರುವ ತನಕ ಬಾಯಿಗೆ ಹಾಕುವಂತಿಲ್ಲ. ‘ಇಷ್ಟವಾದ’ ಎನ್ನುವ ಮಾತಿನ ಹತ್ತಿರ ಬಂದಾಗ ಎಲ್ಲರಿಗೂ ಸ್ವಲ್ಪ ಕೆಮ್ಮು ಬರುತ್ತದೆ. ನಮ್ಮ ಭಜನೆ ಗುಂಪಿನ ವಸಂತಾ ಆಂಟಿ ಪಡವಲಕಾಯಿ ಬಿಟ್ಟು ಬಂದರು. ನಾಲ್ಕು ಗಂಟೆ ದಾರಿಯ ಹೂಸ್ಟನ್ನಿನ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿನ ಇಂಡಿಯನ್ ತರಕಾರಿ ಅಂಗಡಿಗಳಿಗೆ ಅವರ ಜೊತೆ ಎಷ್ಟು ಸಲ ಹೋಗಿದ್ದೇನೋ, ಒಮ್ಮೆಯೂ ಅವರು ಪಡವಲಕಾಯಿಯ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ. ಆಗ ಮನಸ್ಸಿನಲ್ಲೇ ನಕ್ಕಿದ್ದೆ. ಕಳೆದ ಅಕ್ಟೋಬರಿನಲ್ಲಿ ನನ್ನ ಸರದಿ ಬಂತು.

ನಾನು ಮೈಸೂರಿನವಳು, ಕಾಫಿಯವಳು. ನಮ್ಮವರು ಧಾರವಾಡದವರು, ಚಹಾದವರು. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಎರಡು ಪಾತ್ರೆ, ಎರಡು ಸೋಸಣಿಗೆ, ಎರಡು ಮತ. ಕಾಫಿ ಬಿಟ್ಟರೆ ನನ್ನ ಸಿಡುಕು ತಾಳಲಾರದೆ ಅವರು ಸನ್ಯಾಸವನ್ನೇ ತೆಗೆದುಕೊಂಡಾರು. ಆದ್ದರಿಂದ ಬೆಳಗಿನ ಚಳಿಯಲ್ಲಿ ಗಂಗೆಗಿಳಿದು, “ವಿಶ್ವನಾಥಾ, ಟೀ ಬಿಟ್ಟೆ ತಂದೆ,” ಎಂದು ಮೂರು ಸಲ ಮುಳುಗಿ ಎದ್ದೆ.

ಮೆಟ್ಟಿಲ ಮೇಲೆ ಟವೆಲ್ ಹಿಡಿದು ನಿಂತಿದ್ದ ನಮ್ಮವರು, “ನೀ ಯಾವಾಗ ಚಹಾ ಕುಡದಿ, ಬಿಡ್ಲಿಕ್ಕೆ? ಹಂಗಾರ ನಾನೂ ಸಿಗರೇಟ್ ಬಿಟ್ಟೆ ತಗೋ. ಒಂದ್ ದಿನಾನೂ ಸೇದಿಲ್ಲ,” ಎಂದರು.

“ಸುಮ್ನಿರ್ರೀ, ಗಂಗಮ್ಮ ಕೇಳಿಸ್ಕೋತಾಳೆ,” ಎಂದೆ.

ಮಗಳು ನಿಧಿ ಆಗ ಹೋಟೆಲಿನಲ್ಲಿ ಮಲಗಿದ್ದಳು. ಆಸ್ಟಿನ್‌ನಲ್ಲಿ ಕೆಲಸದಲ್ಲಿರುವ ಹುಡುಗಿ. ತಿಂಗಳುಗಟ್ಟಲೆ ರಜೆ ಕೂಡಿಟ್ಟು, ನಮ್ಮಿಬ್ಬರನ್ನೂ ಕಾಶಿಯಿಂದ ಮುಂದೆ ಡಾರ್ಜಿಲಿಂಗಿಗೆ ಕರೆದುಕೊಂಡು ಹೋಗುವ ಏರ್ಪಾಡನ್ನೆಲ್ಲ ಅವಳೇ ಮಾಡಿದ್ದಳು. ಬೆಟ್ಟ ನೋಡುವುದಷ್ಟೇ ಎಂದುಕೊಂಡು ನಾನು ಎರಡು ಸ್ವೆಟರ್ ಇಟ್ಟುಕೊಂಡಿದ್ದೆ. ಜೀಪಿನಲ್ಲಿ ತಿರುವಿಗೊಬ್ಬ ದೇವರನ್ನು ನೆನೆಯುತ್ತ ಮೇಲೆ ಹತ್ತಿದೆವು. ಮಾರನೆಯ ಬೆಳಿಗ್ಗೆ ಮಂಜು ಸರಿದು ಹತ್ತು ನಿಮಿಷ ಕಾಂಚನಜುಂಗಾ ಕಾಣಿಸಿದಾಗ, ರಸ್ತೆಯಲ್ಲೇ ಚಪ್ಪಲಿ ಬಿಟ್ಟು ಕೈಮುಗಿದೆ. ಅಷ್ಟರಲ್ಲಿ ನಿಧಿ ನನ್ನ ಕೈಹಿಡಿದು ಕುಣಿದಳು: “ಅಮ್ಮಾ, ಸರ್ಪ್ರೈಸ್! ಟೀ ಟೇಸ್ಟಿಂಗ್! ಜಸ್ಟ್ ಯೂ ಆಂಡ್ ಮೀ. ಐ ಬುಕ್ಡ್ ಇಟ್ ಮಂತ್ಸ್ ಅಗೋ!”

ನಮ್ಮವರು ಕಾಂಚನಜುಂಗಾದ ಕಡೆಗೇ ತಿರುಗಿ ನಿಂತರು. ಅವರ ಭುಜ ಕುಲುಕುತ್ತಿತ್ತು.

ನನ್ನ ಪಾಡು ಯಾರಿಗೂ ಬೇಡ. ಬೆಳೆದ ಮಗಳು ತಾಯಿಯ ಜೊತೆ ಅರ್ಧ ದಿನ ಕೂತಿರಬೇಕೆಂದು ಆಸೆಪಡುವುದೇ ದೊಡ್ಡ ಭಾಗ್ಯ. ಬೇಡವೆಂದರೆ ಆ ಮುಖ ಬಾಡುತ್ತದೆ. ಕುಡಿದರೆ ವಿಶ್ವನಾಥನಿಗೆ ಕೊಟ್ಟ ಮಾತು ಮೂರೇ ದಿನಕ್ಕೆ ಮುರಿಯುತ್ತದೆ. ನನ್ನ ಯೋಚನೆ ಮುಗಿಯುವುದರೊಳಗೆ ಇಳಿಜಾರಿನ ತೋಟದ ನಡುವಿನ ಕೋಣೆಯೊಂದರಲ್ಲಿ, ಏಳು ಬಿಳಿ ಬಟ್ಟಲುಗಳ ಮುಂದೆ ನಿಂತಿದ್ದೆ. ಚಹಾ ರುಚಿ ನೋಡುವುದೇ ಅಲ್ಲಿನ ದೀದಿಯ ಕೆಲಸ. ಆಕೆ ಚಮಚದಿಂದ ‘ಸೊರ್ರ್’ ಎಂದು ಜೋರಾಗಿ ಹೀರಿ, ಬಾಯೊಳಗೆ ತಿರುಗಿಸಿ, ಪಕ್ಕದ ಪಾತ್ರೆಗೆ ಪಿಚಕ್ಕನೆ ಉಗುಳಿದರು. “ಐಸಾ ಕರನಾ, ಆಂಟಿ. ಪೀನಾ ನಹೀಂ,” ಎಂದರು. ಕುಡಿಯಬಾರದಂತೆ!

ಆ ಕ್ಷಣ ನನಗೆ ಸಾಕ್ಷಾತ್ ಪರಶಿವನೇ ದೀದಿಯ ರೂಪದಲ್ಲಿ ಬಂದು ದಾರಿ ತೋರಿಸಿದ ಹಾಗಾಯಿತು. ಉಗುಳಿದರೆ ಕುಡಿದಂತಲ್ಲ, ಕುಡಿಯದಿದ್ದರೆ ವ್ರತಭಂಗವಲ್ಲ. ಧೈರ್ಯವಾಗಿ ಚಮಚ ತೆಗೆದುಕೊಂಡು ಹೀರಿದೆ. ಮೊದಲನೆಯದನ್ನು ಉಗುಳಿದೆ. ಎರಡನೆಯದನ್ನೂ. ಮೂರನೆಯದರಲ್ಲಿ ಕೆಟ್ಟೆ. ಸುರಗಿ ಹೂವಿನ ದಂಡೆ ಮುಡಿದವರು ಯಾರೋ ಪಕ್ಕದಲ್ಲೇ ಹಾದುಹೋದ ಹಾಗೆ ಘಮ, ನಾಲಿಗೆಯ ಮೇಲೆ ಬಿಸಿ ಬಿಸಿ ದ್ರಾಕ್ಷಿಯಂಥ ಒಗರು. ಹಾಲಿಲ್ಲ, ಸಕ್ಕರೆಯಿಲ್ಲ. ನಮ್ಮವರು ಶುಂಠಿ ಜಜ್ಜಿ ಕುದಿಸುವ ಕಷಾಯಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಪಾತ್ರೆಯ ಮೇಲೆ ಬಗ್ಗಿದೆ. ಬಾಯಿ ತೆರೆದೆ. ಏನೂ ಬೀಳಲಿಲ್ಲ. ಗಂಟಲು ತನ್ನ ಕೆಲಸ ಮುಗಿಸಿಬಿಟ್ಟಿತ್ತು.

“ಅಮ್ಮಾ? ಯೂ ಓಕೆ?” ಎಂದಳು ನಿಧಿ. ನನ್ನ ಕಣ್ಣಲ್ಲಿ ನೀರು. ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾಳೆಂದುಕೊಂಡರೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಡಸ್ ಶಿವಾ ಹ್ಯಾವ್ ಎ ರಿಟರ್ನ್ ಪಾಲಿಸಿ?” ಎಂದು ಕೇಳಿ, ನನ್ನನ್ನು ತಬ್ಬಿಕೊಂಡು, ಉಳಿದ ನಾಲ್ಕು ಬಟ್ಟಲುಗಳನ್ನು ತಾನೇ ಮುಗಿಸಿದಳು. ನಾನು ಪಕ್ಕದಲ್ಲಿ ಕೂತು ಆವಿಯನ್ನು ನೋಡುತ್ತಿದ್ದೆ. ಅಷ್ಟು ಸಂತೋಷದಿಂದ ಅವಳ ಜೊತೆ ಕೂತು ಎಷ್ಟೋ ವರ್ಷವಾಗಿತ್ತು. ಅದಕ್ಕೂ ಒಂದು ನಮಸ್ಕಾರ ಹಾಕಿದೆ.

ಯೂಲೆಸ್ಸಿಗೆ ವಾಪಸು ಬಂದ ಮೇಲೆ ಮನಸ್ಸು ತಡೆಯಲಿಲ್ಲ. ತಪ್ಪುಕಾಣಿಕೆ ಕಟ್ಟಿಕೊಂಡು ದೇವಸ್ಥಾನಕ್ಕೆ ಹೋದೆ. ಪ್ರಾಯಶ್ಚಿತ್ತವಾಗಿ ಕಾಫಿ ಬಿಡು ಎಂದುಬಿಟ್ಟರೆ ಏನು ಗತಿ ಎಂದು ದಾರಿಯುದ್ದಕ್ಕೂ ಹನುಮಂತನನ್ನು ನೆನೆದೆ. ಉಡುಪಿ ಕಡೆಯ ಅರ್ಚಕರು ಕಥೆಯನ್ನೆಲ್ಲ ಕೇಳಿ, “ಅಮ್ಮ, ಬಿಡುವಾಗ ನಿಮಗೆ ಟೀ ಇಷ್ಟ ಇತ್ತಾ?” ಎಂದರು.

“ಇಲ್ಲ.”

“ಈಗ?”

ನೆಲ ನೋಡಿದೆ. “ಈಗ... ಇದೆ.”

“ಹಾಗಾದ್ರೆ ಈಗ ಬಿಡಿ,” ಎಂದು ತೀರ್ಥ ಕೊಟ್ಟರು.

ಬಿಟ್ಟಿದ್ದೇನೆ. ಒಂದು ಹನಿಯೂ ಮುಟ್ಟಿಲ್ಲ. ನಿಧಿ ಕಟ್ಟಿಸಿಕೊಟ್ಟ ಆ ಮೂರನೆಯ ಬಟ್ಟಲಿನ ಎಲೆಯನ್ನು ಮಧ್ಯಾಹ್ನ ನಾಲ್ಕಕ್ಕೆ ನಮ್ಮವರು ನೆನೆಹಾಕುತ್ತಾರೆ. “ಮುಚ್ಚಳ ತಗೀಲೇನ?” ಎಂದು ಬೇಕೆಂದೇ ನನ್ನ ಕಡೆ ನೋಡುತ್ತಾರೆ. ನಾನು ಕಾಫಿ ಲೋಟ ಹಿಡಿದು ಎದುರಿನ ಕುರ್ಚಿಯಲ್ಲಿ, ಫ್ಯಾನಿನ ಗಾಳಿ ಆ ಕಡೆಯಿಂದ ಈ ಕಡೆಗೆ ಬೀಸುವಂತೆ ನೋಡಿಕೊಂಡು ಕೂರುತ್ತೇನೆ. ವಾಸನೆ ನೋಡಿದರೆ ವ್ರತಭಂಗವೇ ಎಂದು ಅರ್ಚಕರನ್ನು ಕೇಳಬೇಕೆಂದು ಪ್ರತಿ ಶನಿವಾರ ಅಂದುಕೊಂಡೇ ಹೋಗುತ್ತೇನೆ. ಪಾಪ, ಅವರಿಗೂ ಅಲ್ಲಿ ಎಷ್ಟೊಂದು ಕೆಲಸ.