ಕೆಂಚನ ಕಾವಲಿಗೆ ಒಂದು ಕ್ಯಾಮೆರಾ

ನಾಯಿಯನ್ನು ಯಾರು ಬೇಕಾದರೂ ಸಾಕಬಹುದು. ಆದರೆ ನಲವತ್ತು ಕಿಲೋಮೀಟರ್ ದೂರದಲ್ಲಿ ಕೂತು ನಾಯಿಯನ್ನು ಆಳುವುದಕ್ಕೆ ತಲೆ ಬೇಕು! ಆ ತಲೆ ನನಗಿದೆ ಎಂದು ಹೋದ ತಿಂಗಳ ಎರಡನೇ ಭಾನುವಾರದವರೆಗೂ ನಾನು ದೃಢವಾಗಿ ನಂಬಿದ್ದೆ.

ನಂಬುವುದಕ್ಕೆ ಕಾರಣವೂ ಇತ್ತು. ನೆಲಮಂಗಲದ ಹೆದ್ದಾರಿ ಪಕ್ಕದ ಒಂದು ಗೋಡೌನಿನಲ್ಲಿ ನಾನು ಸೂಪರ್‌ವೈಸರ್. ಹದಿನಾರು ಕ್ಯಾಮೆರಾಗಳ ಮುಂದೆ ಕೂತು, ಯಾರು ಬಂದರು, ಯಾರು ಹೋದರು, ಯಾರು ಲಾರಿ ಹಿಂದೆ ನಿಂತು ಬೀಡಿ ಸೇದಿದರು ಎಂದು ಒಂಬತ್ತು ವರ್ಷದಿಂದ ನೋಡುತ್ತಿದ್ದೇನೆ. ಇಂಥ ನನಗೆ ಅರಿಶಿನಕುಂಟೆಯ ನಮ್ಮ ಮನೆ, ಅದರೊಳಗೆ ಕೆಂಚ ಎಂಬ ಒಂದೇ ಒಂದು ಕಂದು ನಾಯಿ, ಯಾವ ಲೆಕ್ಕ!

ಆ ಭಾನುವಾರ ತೂಬಗೆರೆಯಲ್ಲಿ ಸೋದರತ್ತೆಯ ಮೊಮ್ಮಗನ ನಾಮಕರಣ. ನಾನು, ಹೆಂಡತಿ ಅಕ್ಷತ, ತಮ್ಮ ಅಂಜನ್, ಮೂವರೂ ಹೋಗಲೇಬೇಕು. ಕೆಂಚನನ್ನು ಅದುವರೆಗೆ ಒಂದು ದಿನವೂ ಒಂಟಿಯಾಗಿ ಬಿಟ್ಟವರಲ್ಲ.

"ರೀ, ಅದು ಒಂದೇ ಇರಲ್ಲ, ಊಳಿಡ್ತದೆ. ಪಕ್ಕದ್ಮನೆ ಸಪ್ಪಲಮ್ಮನ ಕೈಗೆ ಬೀಗದ ಕೈ ಕೊಟ್ಟು ಹೋಗೋಣ," ಅಂದಳು ಅಕ್ಷತ.

"ಸಪ್ಪಲಮ್ಮನ ಕೈಗೆ ಕೊಟ್ರೆ ಊರಿಗೇ ಕೊಟ್ಟಂಗೆ ಕಣೇ! ಕ್ಯಾಮೆರಾ ಹಾಕ್ತೀನಿ. ಫೋನಲ್ಲೇ ನೋಡ್ತೀನಿ, ಫೋನಲ್ಲೇ ಮಾತಾಡ್ತೀನಿ. ನಾನು ಅಲ್ಲಿ ಕೆಮ್ಮಿದ್ರೆ ಇಲ್ಲಿ ಅದು ಎದ್ದು ಕೂರ್ಬೇಕು!"

"ಎದುರಿಗೆ ನಿಂತು ಕೆಮ್ಮಿದ್ರೇ ಅದು ಏಳಲ್ಲ."

ಈ ಟೀಕೆಯನ್ನು ನಾನು ಲಕ್ಷಿಸಲಿಲ್ಲ. ಕ್ಯಾಮೆರಾ ತಂದೆ. ಗೋಡೌನಿನಲ್ಲಿ ಸೂರಿನ ಹತ್ತಿರ ಹಾಕುತ್ತಾರೆ. ನಾನು ಟಿವಿ ಸ್ಟ್ಯಾಂಡಿನ ಕೆಳಗಿನ ಹಲಗೆಯ ಮೇಲೆ, ನೆಲದಿಂದ ಒಂದಡಿ ಮೇಲೆ ಕೂರಿಸಿದೆ. ನಾಯಿಯನ್ನು ನೋಡುವ ಕ್ಯಾಮೆರಾ ನಾಯಿಯ ಎತ್ತರಕ್ಕೇ ಇರಬೇಕು! ಇದು ನನ್ನ ಸ್ವಂತ ಸಂಶೋಧನೆ. ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗಿಳಿಸಿದೆ. ಅಕ್ಷತ "ಒಂದ್ನಿಮಿಷ ಬಂದೆ" ಎಂದು ಕಾಂಪೌಂಡಿನ ಆಚೆ ಹೋಗಿ ಬಂದಳು. ಯಾಕೆ ಎಂದು ನಾನು ಕೇಳಲಿಲ್ಲ.

ಇಲ್ಲಿ ತಮ್ಮನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಂಜನ್ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಸೊಳ್ಳೆ ಕಚ್ಚಿದರೂ ಹೊಡೆಯದೆ ಊದಿ ಓಡಿಸುವ ಜಾತಿ. ಅಪ್ಪ ಅಮ್ಮ ಇಲ್ಲದ್ದರಿಂದ ಅವನ ಮದುವೆ ನನ್ನ ತಲೆಯ ಮೇಲಿತ್ತು. ಮೂರು ವರ್ಷದಲ್ಲಿ ಏಳು ಸಂಬಂಧ ತಪ್ಪಿಹೋಗಿದ್ದವು. ಎಂಟನೆಯದು ಸೂಲಿಬೆಲೆಯ ಗಂಗಣ್ಣನವರ ಮಗಳು ಸಿಂಚನ. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಹೆಣ್ಣಿನ ಕಡೆಯವರು ಬಂದು ಮನೆ ನೋಡುವ ಶಾಸ್ತ್ರವೊಂದು ಬಾಕಿ. ಅದು ಬುಧವಾರಕ್ಕೆ ಗೊತ್ತಾಗಿತ್ತು. ನಮ್ಮ ಮನೆಯನ್ನು ನಾನು ಗಂಗಣ್ಣನವರಿಗೆ ಮೈಸೂರು ಅರಮನೆಗೆ ಅರ್ಧ ಗೇಣು ಕಡಿಮೆ ಎಂಬಂತೆ ವರ್ಣಿಸಿದ್ದೆ.

"ಅಣ್ಣ, ಇದೊಂದು ಆಗ್ಬಿಡ್ಲಿ. ಇದೂ ತಪ್ಪೋದ್ರೆ ನನ್ನ ಮದ್ವೆ ಮಾತೇ ಎತ್ಬೇಡ," ಎಂದು ತೂಬಗೆರೆಯ ದಾರಿಯಲ್ಲಿ ಅಂಜನ್ ಮೆಲ್ಲಗೆ ಹೇಳಿದ. ಅವನು ಹಾಗೆ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ನಾಮಕರಣ ಮುಗಿದು ಊಟಕ್ಕೆ ಕೂತೆವು. ಎಲೆಯ ಪಕ್ಕಕ್ಕೆ ಫೋನ್ ಒರಗಿಸಿ ನೋಡುತ್ತೇನೆ, ಕೆಂಚ ಚಾಪೆಯ ಮೇಲೆ ಮಲಗಿದ್ದಾನೆ. ಎಡಗಡೆ ಎಲೆಯವರಿಗೆ ತೋರಿಸಿದೆ, ಬಲಗಡೆ ಎಲೆಯ ತಾತನಿಗೆ ತೋರಿಸಿದೆ. ಹೋಳಿಗೆ ಬರುವ ಹೊತ್ತಿಗೆ ಕೆಂಚ ಇಲ್ಲ! ಪರದೆಯ ಮೂಲೆಯಲ್ಲಿ ಬರೀ ಬಾಲ. ಅದೂ ಸೋಫಾದ ಕಡೆಗೆ! ಬಾಯಲ್ಲಿ ಏನೋ ಇರಲೇಬೇಕು!

"ಬಿಡು ಅದನ್ನ! ಬಿಡು ಅಂದ್ರೆ ಬಿಡ್ಬೇಕು! ಎಷ್ಟು ತಿಂತೀಯ ನೀನು!" ಎಂದು ಗುಡುಗಿದೆ.

ಬಲಗಡೆಯ ತಾತ ಬಾಯಿಯ ಹತ್ತಿರ ಹೋಗಿದ್ದ ಹೋಳಿಗೆಯನ್ನು ಮೆಲ್ಲಗೆ ಎಲೆಗೆ ಇಳಿಸಿದರು. "ಎರಡ್ನೇದು ಕಣಪ್ಪಾ, ಅಷ್ಟೆ," ಅಂದರು. ತುಪ್ಪ ಬಡಿಸುತ್ತಿದ್ದವನು ನನ್ನ ಎಲೆ ದಾಟಿಕೊಂಡು ಹೋದ. ನಾನು ತಾತನಿಗೆ ಸಮಾಧಾನ ಹೇಳಿ ಮತ್ತೆ ಫೋನಿನ ಕಡೆ ತಿರುಗಿದೆ.

ಪರದೆಯ ಮೇಲೆ ಕಾಲುಗಳು!

ಕೆಂಚನ ಕಾಲಲ್ಲ, ಮನುಷ್ಯರ ಕಾಲು. ಪಂಚೆ ಉಟ್ಟ ಒಂದು ಜೊತೆ, ಸೀರೆ ಉಟ್ಟ ಎರಡು ಜೊತೆ. ನನ್ನ ಸಂಶೋಧನೆಯ ಫಲವಾಗಿ ಮೊಣಕಾಲಿನ ಮೇಲೆ ಏನೂ ಕಾಣುತ್ತಿರಲಿಲ್ಲ. ಜೇಬು ಮುಟ್ಟಿ ನೋಡಿಕೊಂಡೆ, ಬೀಗದ ಕೈ ಇತ್ತು. ಹಾಗಾದರೆ ಇವರು ಹೇಗೆ ಬಂದರು? ಕಳ್ಳರೇ ಆಗಿದ್ದರೆ ಹೆಂಗಸರನ್ನೇಕೆ ಕರೆತಂದರು? ಕುಟುಂಬ ಸಮೇತ ಕಳ್ಳತನವೇ? ಎಲ್ಲಕ್ಕಿಂತ ಹೆಚ್ಚು ಗಲಿಬಿಲಿಯಾಗಿದ್ದು ಅವರ ಬರಿಗಾಲು ಕಂಡು. ಚಪ್ಪಲಿಯನ್ನು ಹೊರಗೆ ಬಿಟ್ಟು ಬರುವ ಸಂಸ್ಕಾರವಂತ ಕಳ್ಳರನ್ನು ನಾನು ಒಂಬತ್ತು ವರ್ಷದ ಅನುಭವದಲ್ಲಿ ನೋಡಿರಲಿಲ್ಲ. ಅಷ್ಟರಲ್ಲಿ ಒಂದು ಜೊತೆ ಸೀರೆಯ ಕಾಲು ಮಾಯವಾಯಿತು. ಬೀರುವಿನ ಕಡೆಗೇ ಹೋಗಿರಬೇಕು! ಉಳಿದ ಎರಡು ಜೊತೆ ಸೋಫಾದ ಮೇಲೆ ಆರಾಮಾಗಿ ಕೂತವು.

"ಕೆಂಚ! ಹಿಡಿ! ಕಚ್ಚು! ಕಚ್ಚೋ ಅವ್ನ ಕಾಲ್ನ!"

ಕೆಂಚ ಓಡಿ ಬಂದ. ಪಂಚೆಯವನ ಪಾದವನ್ನು ಮೂಸಿದ. ಆಮೇಲೆ ನಾಲ್ಕೂ ಕಾಲನ್ನು ಮೇಲೆತ್ತಿ ಅಂಗಾತ ಬಿದ್ದುಕೊಂಡ! ಉಂಗುರ ತೊಟ್ಟ ಒಂದು ಕೈ ಕೆಳಗಿಳಿದು ಅವನ ಹೊಟ್ಟೆ ಸವರತೊಡಗಿತು. ಅನ್ನ ಹಾಕಿದ ಕೈಯನ್ನು ಮರೆತ ದ್ರೋಹಿ!

ಇನ್ನು ಮಾತಿನಿಂದಲೇ ಮನೆ ಉಳಿಸಿಕೊಳ್ಳಬೇಕಿತ್ತು. ಎಲೆಯ ಮುಂದಿನಿಂದ ಎದ್ದು ನಿಂತೆ.

"ಲೇ ಕಳ್ಳ ನನ್ಮಕ್ಳಾ! ಆ ಮನೇಲಿ ಏನೂ ಇಲ್ಲ ಕಣ್ರೋ! ಬೀರೂಲಿರೋದೆಲ್ಲ ರೋಲ್ಡ್ ಗೋಲ್ಡು! ದೀಪಾಲೆ ಕಂಬ ಬೆಳ್ಳೀದಲ್ಲ, ಜರ್ಮನ್ ಸಿಲ್ವರ್ರು! ಟಿವಿ ಕೆಟ್ಟು ಆರು ತಿಂಗ್ಳಾಯ್ತು! ಮಳೆ ಬಂದ್ರೆ ಆ ಮನೆ ಸೋರ್ತದೆ ಕಣ್ರೋ, ಮನುಷ್ಯ್ರು ಇರೋ ಮನೇನೇ ಅಲ್ಲ ಅದು!"

ಪಂಕ್ತಿಗೆ ಪಂಕ್ತಿಯೇ ನನ್ನ ಕಡೆ ತಿರುಗಿತು. ಪಂಚೆಯ ಕಾಲು ಮಾತ್ರ ಅಲುಗಲಿಲ್ಲ. ಇನ್ನೂ ದೊಡ್ಡ ಅಸ್ತ್ರ ಬೇಕಾಯಿತು.

"ರೂಮಲ್ಲಿ ನನ್ನ ತಮ್ಮ ಮಲಗವ್ನೆ! ದೊಡ್ಡ ರೌಡಿ! ಎರಡು ಕೇಸ್ ಐತೆ ಅವ್ನ ಮೇಲೆ! ಕುಡಿದು ಮಲಗವ್ನೆ, ಎದ್ರೆ ನಿಮ್ಮನ್ನ ಸಿಗ್ದು ಹಾಕ್ತಾನೆ!"

ಎದುರು ಸಾಲಿನಲ್ಲಿ ಸಾರನ್ನ ಕಲಸುತ್ತಿದ್ದ ಆ ದೊಡ್ಡ ರೌಡಿ ಓಡಿಬಂದ. ಗದ್ದಲ ಕೇಳಿ ಅಕ್ಷತಳೂ ಬಂದಳು. ಅಷ್ಟರಲ್ಲಿ ಉಂಗುರದ ಕೈ ನೇರವಾಗಿ ಕ್ಯಾಮೆರಾದ ಕಡೆ ಬಂತು. ಮನೆಯೆಲ್ಲ ತಲೆಕೆಳಗಾಗಿ ತಿರುಗಿತು. ಸೂರು ಕಂಡಿತು, ಫ್ಯಾನ್ ಕಂಡಿತು. ಕೊನೆಗೆ ದಪ್ಪ ಮೀಸೆಯ ಒಂದು ಮುಖ ಪರದೆಯ ತುಂಬ ಬಂದು ನಿಂತಿತು.

"ಅಣ್ಣಾ," ಎಂದ ಅಂಜನ್. ಅವನ ದನಿಯಲ್ಲಿ ಜೀವವೇ ಇರಲಿಲ್ಲ. "ಅವ್ರು ಸಿಂಚನಾ ಅವ್ರಪ್ಪ."

ಗಂಗಣ್ಣನವರು ಕ್ಯಾಮೆರಾವನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದರು: "ಏನಪ್ಪಾ ಮುನಿಕೃಷ್ಣ, ಎರಡು ಕೇಸು ಅಂದ್ಯಲ್ಲ, ಯಾವ್ಯಾವ್ದು?"

ಆಫ್ ಮಾಡೋಣವೆಂದು ಕೈಗೆ ಸಿಕ್ಕ ಗುಂಡಿ ಒತ್ತಿದೆ. ಅದು ಕ್ಯಾಮೆರಾದ ಸೈರನ್! ಗಂಗಣ್ಣನವರ ಮೀಸೆಯ ಕೆಳಗೇ ಅದು ಬಡಿದುಕೊಳ್ಳತೊಡಗಿತು. ಅವರು ಕಿವಿ ಮುಚ್ಚಿಕೊಂಡರು, ಕೆಂಚ ಊಳಿಟ್ಟ, ಆಮೇಲೆ ನೆಟ್‌ವರ್ಕ್ ಹೋಯಿತು.

"ಬೀಗದ ಕೈ ಇನ್ನೊಂದು ನಾನೇ ಸಪ್ಪಲಮ್ಮಂಗೆ ಕೊಟ್ಟು ಬಂದಿದ್ದೆ ರೀ," ಎಂದಳು ಅಕ್ಷತ. "ಮಧ್ಯಾಹ್ನ ನಾಯಿಗೆ ಹಾಲನ್ನ ಹಾಕ್ಲಿ ಅಂತ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೇಳ್ತಿದ್ರಾ?"

ಕೈ ತೊಳೆದವರೇ ಕಾರು ಹತ್ತಿದೆವು. ಫೋನ್ ಮಾಡಿದರೆ ಗಂಗಣ್ಣನವರು ಎತ್ತುತ್ತಿಲ್ಲ. ದೊಡ್ಡಬಳ್ಳಾಪುರ ದಾಟಿದರೂ ಅಂಜನ್ ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಪ್ಪನ ಜಾಗದಲ್ಲಿ ನಿಂತು ಮದುವೆ ಮಾಡಿಸುತ್ತೇನೆ ಎಂದು ಹೊರಟ ನಾನು ನನ್ನ ಬಾಯಿಂದಲೇ ಅವನನ್ನು ರೌಡಿ ಮಾಡಿದ್ದೆ, ಕುಡುಕನನ್ನೂ ಮಾಡಿದ್ದೆ.

ಮನೆಯ ಮುಂದೆ ಅರ್ಧ ಬೀದಿ ನೆರೆದಿತ್ತು. ಸೈರನ್ ಕೇಳಿ ಗ್ಯಾಸ್ ಸಿಲಿಂಡರ್ ಸಿಡಿಯಿತೆಂದು ಕೆಲವರು ನೀರಿನ ಕೊಡ ಹಿಡಿದು ಬಂದಿದ್ದರು. ಒಳಗೆ ಕಾಲಿಟ್ಟರೆ, ನಡುಮನೆಯಲ್ಲಿ ಗಂಗಣ್ಣನವರೂ ಅವರ ಹೆಂಡತಿಯೂ ಚಾಪೆಯ ಮೇಲೆ ಕೂತು ಉಣ್ಣುತ್ತಿದ್ದಾರೆ! ಸಪ್ಪಲಮ್ಮ ತನ್ನ ಮನೆಯಿಂದ ತಂದ ಮುದ್ದೆಗೆ ಉಪ್ಸಾರು ಬಿಡುತ್ತಿದ್ದಾಳೆ.

"ಹೆಣ್ಣಿನ ಕಡೆಯೋರು ಬಿಸ್ಲಲ್ಲಿ ಗೇಟ್ ಹತ್ರ ನಿಂತಿದ್ರು. ಹಂಗೇ ಕಳ್ಸಕ್ಕಾಯ್ತದಾ? ಬೀಗ ತೆಗ್ದು ಕೂರ್ಸಿ, ಅಡ್ಗೆ ನೋಡಕ್ಕೆ ಮನೆಗೋದೆ. ಬರೋದ್ರೊಳ್ಗೆ ನೀನು ಆ ಡಬ್ಬದೊಳ್ಗಿಂದ ಬೊಬ್ಬೆ ಹಾಕ್ತಿದ್ದೆ!" ಎಂದು ನನ್ನನ್ನೇ ಗದರಿದಳು.

ನಾನು ಕೈಮುಗಿದು ನಿಂತೆ. "ಗಂಗಣ್ಣೋರೇ, ತಪ್ಪಾಯ್ತು. ಕಳ್ರು ಅನ್ಕೊಂಡೆ. ಬುಧವಾರ ತಾನೇ ನೀವು ಬರ್ಬೇಕಾಗಿದ್ದು..."

"ಬುಧವಾರ ಬಂದ್ರೆ ನೀನು ಸುಣ್ಣಬಣ್ಣ ಹೊಡ್ಸಿ, ಅಕ್ಕಪಕ್ಕದೋರಿಗೆಲ್ಲ ಹೇಳ್ಕೊಟ್ಟು ಇಟ್ಟಿರ್ತೀಯ. ಅದಕ್ಕೇ ನಮ್ಮ ಕಡೆ ಮುಂಚೇನೇ ಒಂದ್ಸಲ ಹೇಳ್ದೆ ಕೇಳ್ದೆ ಬಂದು ನೋಡೋದು."

"ನನ್ನ ತಮ್ಮ ಅಂಥೋನಲ್ಲ. ಕೇಸೂ ಇಲ್ಲ, ಕುಡಿತಾನೂ ಇಲ್ಲ. ಮನೇನೂ ಸೋರಲ್ಲ. ಎಲ್ಲ ನನ್ನ ಬಾಯಿಗೆ ಬಂದಿದ್ದು. ನನ್ನ ಮೇಲಿನ ಕೋಪಕ್ಕೆ ಅವನ ಮದ್ವೆ ಕೆಡಿಸ್ಬೇಡಿ," ಅಂದೆ.

ಗಂಗಣ್ಣನವರು ಕೊನೆಯ ತುತ್ತು ನುಂಗಿದರು. ಅಂಜನ್‌ನನ್ನು ಮೇಲಿಂದ ಕೆಳಗೆ ನೋಡಿದರು. ಅವನ ಅಂಗಿಯ ಮೇಲೆ ಇನ್ನೂ ಸಾರಿನ ಕಲೆಯಿತ್ತು. ಅವರ ಮಂಡಿಗೆ ಒರಗಿ ಕೆಂಚ ನಿದ್ದೆ ಹೊಡೆಯುತ್ತಿದ್ದ.

"ಸಂಬಂಧ ಒಪ್ಪಿದ್ದೀನಿ ಬಿಡಪ್ಪಾ," ಅಂದರು. "ನೀನು ಕಚ್ಚು ಕಚ್ಚು ಅಂತ ಅಷ್ಟು ಬಡ್ಕೊಂಡ್ರೂ ಈ ನಾಯಿ ಕಿವಿ ಕೂಡ ಅಲ್ಲಾಡಿಸ್ಲಿಲ್ಲ. ಈ ಮನೇಲಿ ಯಾರ ಮಾತು ಕೇಳ್ಬಾರ್ದು ಅಂತ ಅದಕ್ಕೆ ಚೆನ್ನಾಗಿ ಗೊತ್ತೈತೆ. ನನ್ನ ಮಗ್ಳೂ ನಿಧಾನಕ್ಕೆ ಕಲ್ತ್ಕೊಳ್ತಾಳೆ."

"ನಿಧಾನ ಯಾಕೆ?" ಎಂದಳು ಅಕ್ಷತ, ಅವರಿಗೆ ಮಜ್ಜಿಗೆ ಕೊಡುತ್ತಾ. "ಒಂದು ವಾರದಲ್ಲಿ ನಾನೇ ಕಲಿಸ್ತೀನಿ!"