ಭಾವನ ಸ್ವೆಟರಿಗೆ ಸಾಹೇಬರ ತಲೆ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಭಾವನ ತಲೆ. ಅದು ಎಲ್ಲರ ತಲೆಯಷ್ಟೇ ಇದ್ದಿದ್ದರೆ ಉಂಡೆರಾಯರು ಸ್ವೆಟರಿನ ಕುತ್ತಿಗೆಯಂಚಿನ ಕುಣಿಕೆಗಳನ್ನು ಮುಚ್ಚಿ ಎಂದೋ ಕೈತೊಳೆದುಕೊಳ್ಳುತ್ತಿದ್ದರು. ಆದರೆ ಹೆಂಡತಿಯ ಅಣ್ಣನದು ಒಳ್ಳೇ ಕುಂಬಳಕಾಯಿಯಂಥ ತಲೆ. ಅದು ತೂರುವಷ್ಟು ಅಗಲ ಬಿಟ್ಟರೆ ಕುತ್ತಿಗೆ ಜೋಲುತ್ತದೆ, ಬಿಡದಿದ್ದರೆ ತಲೆ ತೂರುವುದಿಲ್ಲ. ಹೀಗಾಗಿ ಯಾರು ಕೇಳಿದರೂ ರಾಯರದು ಒಂದೇ ಉತ್ತರ: “ಕುತ್ತಿಗೆ ಒಂದೇ ಬಾಕಿ.”

ಉಂಡೆರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನೀರಿನ ಮೀಟರ್ ರಿಪೇರಿ ಕಚೇರಿಯಲ್ಲಿ ಜನರ ದೂರು ಬರೆದುಕೊಳ್ಳುವ ಈ ಗುಮಾಸ್ತರ ಚೀಲದಲ್ಲಿ ಸದಾ ಉಲ್ಲನ್ ಉಂಡೆಗಳು ಇರುತ್ತಿದ್ದುದರಿಂದ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು. ಹೆಣಿಗೆಯೆಂದರೆ ಅವರಿಗೆ ಪ್ರಾಣ, ಮುಗಿಸುವುದೆಂದರೆ ಪ್ರಾಣಸಂಕಟ. ಮನೆಯಲ್ಲಿ ಜೊತೆಯಿಲ್ಲದ ಕಾಲುಚೀಲವೊಂದಿತ್ತು. ಶಾಲು ಕರವಸ್ತ್ರದಷ್ಟಾಗಿ ನಿಂತುಬಿಟ್ಟಿತ್ತು. ಟೋಪಿಯೊಂದು ಎರಡನೆಯ ಕಿವಿಗಾಗಿ ಕಾಯುತ್ತಿತ್ತು. ಅಷ್ಟರಲ್ಲೇ ರಾಯರ ಮನಸ್ಸು ಮುಂದಿನದಕ್ಕೆ ಹಾರಿತ್ತು: ಆಕಾಶನೀಲಿ ಬಣ್ಣದ ದೊಡ್ಡ ಹೊದಿಕೆ, ಅಂಚಿನ ತುಂಬ ಅಲೆ ಅಲೆ. ಅದಕ್ಕೆ ಬೇಕಾದ ಉಲ್ಲನ್ನನ್ನು ಆಗಲೇ ಕೊಂಡು, ಕಚೇರಿಯ ಬೀರುವಿನಲ್ಲಿ ಕೆಟ್ಟ ಮೀಟರುಗಳ ಹಿಂದೆ ಬಚ್ಚಿಟ್ಟಿದ್ದರು. ದಿನಕ್ಕೊಮ್ಮೆ ಬೀರು ತೆರೆದು ಅದರ ಮೈದಡವಿ ಬರುವುದೇ ಒಂದು ಸುಖ.

ಆ ಬೆಳಿಗ್ಗೆ ಹೆಂಡತಿ ಬಾಗಿಲಿಗೆ ಅಡ್ಡ ನಿಂತು ತೀರ್ಪು ಕೊಟ್ಟರು.

“ರೀ, ಸಂಜೆ ಅಣ್ಣ ಬರ್ತಾನೆ. ಸ್ವೆಟರ್ ಇವತ್ತು ಮುಗೀಬೇಕು. ಅಲ್ಲಿವರೆಗೂ ಈ ಮನೆಯೊಳಗೆ ಹೊಸ ಉಲ್ಲನ್ ಒಂದೆಳೆ ಬರಕೂಡದು.”

“ಮುಗಿಸಿದ್ರೆ?”

“ಮುಗಿಸಿದ್ರೆ ಏನಾದ್ರೂ ಹೆಣ್ಕೊಳ್ಳಿ, ನಾನು ತುಟಿ ಬಿಚ್ಚಲ್ಲ. ಆದ್ರೆ ನಿಧಾನವಾಗಿ ಮುಚ್ಚಿ. ಗಾಬರಿಯಾದ್ರೆ ನಿಮ್ಮ ಕೈ ಬಿಗಿಯಾಗುತ್ತೆ. ಆ ಕಾಲುಚೀಲ ಗೊಂಬೆ ಕಾಲಿಗೂ ಹತ್ತಲಿಲ್ಲ, ನೆನಪಿರ್ಲಿ.”

ಮಧ್ಯಾಹ್ನದ ಬಿಡುವಿನಲ್ಲಿ ರಾಯರು ದೂರಿನ ಕೌಂಟರಿನ ಕೆಳಗೆ ಸ್ವೆಟರ್ ಹರಡಿಕೊಂಡು ಕುತ್ತಿಗೆಯ ಕೊನೆಯ ಸುತ್ತಿಗೆ ಕೈಯಿಟ್ಟರು. ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಸಾಹೇಬರ ಬಾಗಿಲ ಮೇಲೆ. ಒಂದೊಂದೇ ಕುಣಿಕೆ ಮುಚ್ಚುತ್ತ ಬಂದು, ಕೊನೆಯ ಎಳೆಯನ್ನು ಎಳೆದು “ಅಬ್ಬ!” ಎನ್ನುವಾಗ ಎದುರಿಗೆ ಸಾಹೇಬರೇ ನಿಂತಿದ್ದರು.

“ಏನ್ರಾಯರೇ, ಇದು ಯಾವ ಮೀಟರ್ ರಿಪೇರಿ?”

ಪಕ್ಕದಿಂದ ಟೈಪಿಸ್ಟಮ್ಮ ಬಾಯಿ ಹಾಕಿದರು. ಊರ ಉಸಾಬರಿಯೆಲ್ಲ ಅವರಿಗೇ ಬೇಕು.

“ಅವರ ಭಾವನಿಗೆ ಸರ್. ಆದ್ರೆ ಅಳತೆ ನಿಮ್ದೇ! ಭಾವ ನಿಮ್ಮಷ್ಟೇ ದಪ್ಪ ಅಂತೆ. ತಿಂಗಳಿಂದ ನಿಮ್ಮ ಬೆನ್ನು ನೋಡ್ಕೊಂಡೇ ಹೆಣೀತಿದ್ದಾರೆ.”

ರಾಯರಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಆದರೆ ಸಾಹೇಬರ ಮುಖ ಅರಳಿತು. “ನನ್ನ ಅಳತೆಯೇ? ಎಲ್ಲಿ, ನೋಡೇಬಿಡೋಣ” ಎಂದವರೇ ಸ್ವೆಟರನ್ನು ತಲೆಯ ಮೇಲಿಂದ ಇಳಿಸಿಕೊಂಡರು. ಕೈಗಳು ತೋಳಿನೊಳಗೆ ಸಲೀಸಾಗಿ ಹೋದವು. ಹೊಟ್ಟೆಯೂ ಹಿಡಿಸಿತು. ತಲೆ ಮಾತ್ರ ಹೊರಗೆ ಬರಲಿಲ್ಲ. ಕುತ್ತಿಗೆಯ ತೂತಿನಲ್ಲಿ ಸಾಹೇಬರ ಬೋಳು ನೆತ್ತಿಯಷ್ಟೇ ಮೂಡಿ ನಿಂತಿತು.

“ರಾಯರೇ! ಕತ್ತಲೆ!” ಒಳಗಿನಿಂದ ಸಾಹೇಬರ ದನಿ.

ಟೈಪಿಸ್ಟಮ್ಮ ಕೆಳಗಿನಿಂದ ಎಳೆದರು. ರಿಪೇರಿಯವನು ಮೀಟರಿಗೆ ಬಿಡುವ ಎಣ್ಣೆಯ ಡಬ್ಬಿ ಹಿಡಿದು ಓಡಿ ಬಂದ. ಯಾರೋ “ಕತ್ತರಿ ತನ್ನಿ” ಎಂದರು. ಕತ್ತರಿಯ ಮಾತು ಕೇಳಿದ್ದೇ ರಾಯರಿಗೆ ಎಲ್ಲಿಲ್ಲದ ಧೈರ್ಯ ಬಂತು. ಸ್ವೆಟರ್ ಹೋದರೆ ಆಕಾಶನೀಲಿಯೂ ಹೋದಂತೆಯೇ!

“ಯಾರೂ ಮುಟ್ಟಬೇಡಿ! ಸರ್, ಕೂತ್ಕೊಳ್ಳಿ. ನಾನು ಬಿಚ್ತೀನಿ.”

ತುದಿಯ ಎಳೆ ಹುಡುಕಿ ಸರ್ರನೆ ಎಳೆಯುತ್ತಿದ್ದಂತೆ ಕುತ್ತಿಗೆ ಸಡಿಲವಾಗಿ, ಸಾಹೇಬರ ತಲೆ ಕೆಂಪಗೆ ಹೊರಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಕುತ್ತಿಗೆಯ ಸುತ್ತ ಕುಣಿಕೆಗಳು ಬಾಯಿ ಬಿಟ್ಟುಕೊಂಡು ನಿಂತಿದ್ದವು.

“ಅಲುಗಾಡಬೇಡಿ ಸರ್. ಒಂದು ಜಾರಿದ್ರೂ ಹೊಟ್ಟೆವರೆಗೆ ಬಿಚ್ಕೊಂಡು ಹೋಗುತ್ತೆ!”

ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದು. ಟೈಪಿಸ್ಟಮ್ಮ ಕಿಟಕಿಯಲ್ಲಿ ಇಣುಕಿ, “ಅಯ್ಯೋ, ತಪಾಸಣೆಗೆ ಮೇಲಧಿಕಾರಿ ಮೇಡಂ ಬಂದ್ಬಿಟ್ರು!” ಎಂದು ಕೂಗಿದರು. ಸ್ವೆಟರ್ ತೆಗೆಯುವಂತಿಲ್ಲ, ಹಾಗೇ ಬಿಡುವಂತಿಲ್ಲ. ಸಾಹೇಬರು ಕಲ್ಲಿನಂತೆ ಕೂತರು. ರಾಯರು ಅವರ ಸುತ್ತ ಪ್ರದಕ್ಷಿಣೆ ಹಾಕುತ್ತ, ಕುಣಿಕೆಗಳನ್ನು ಹೆಣಿಗೆಯ ಕಡ್ಡಿಗೇರಿಸಿ ಒಂದೊಂದಾಗಿ ಮುಚ್ಚುತ್ತ ಹೋದರು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಹತ್ತಿರವಾದಂತೆಲ್ಲ ಅವರ ಕೈ ಚುರುಕಾಯಿತು. ಮೇಡಂ ಒಳಗೆ ಕಾಲಿಡುವುದಕ್ಕೂ ರಾಯರು ಕೊನೆಯ ಎಳೆ ಎಳೆದು ಕಡ್ಡಿ ಜೇಬಿಗಿಳಿಸುವುದಕ್ಕೂ ಸರಿಹೋಯಿತು.

ಮೇಡಂ ಕಡತ ನೋಡಲಿಲ್ಲ, ಮೀಟರ್ ನೋಡಲಿಲ್ಲ, ಸ್ವೆಟರನ್ನೇ ನೋಡಿದರು. “ಎಷ್ಟು ಚೆನ್ನಾಗಿದೆ! ನಿಮಗೆ ಹೇಳಿ ಮಾಡಿಸಿದ ಹಾಗಿದೆ” ಎಂದು ಹೊಗಳಿ, ಟೀ ಕುಡಿದು, ಎಲ್ಲ ಸರಿಯಾಗಿದೆ ಎಂದು ಸಹಿ ಹಾಕಿ ಹೊರಟೇಹೋದರು. ಕಚೇರಿಯೆಲ್ಲ ಸಂಭ್ರಮ.

ಸಾಹೇಬರು ತಮ್ಮ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು. ಹೊರಗೆ ಬಂದಾಗ ಕಿವಿ ಕೆಂಪಾಗಿತ್ತು, ಕನ್ನಡಕ ಸೊಟ್ಟಗಿತ್ತು, ಸ್ವೆಟರ್ ಮೈಮೇಲೇ ಇತ್ತು.

“ರಾಯರೇ, ಇದನ್ನ ಹಾಕ್ಕೊಂಡೇ ಹೋಗ್ತೀನಿ.”

“ಅಷ್ಟು ಹಿಡಿಸ್ತಾ ಸರ್?”

ಸಾಹೇಬರು ಏನೋ ಹೇಳಲು ಬಾಯಿ ತೆರೆದು, ಟೈಪಿಸ್ಟಮ್ಮನ ಕಿವಿ ನೆಟ್ಟಗಾದದ್ದನ್ನು ಕಂಡು ಮಾತು ಬದಲಿಸಿದರು. “ತುಂಬಾ ಹಿಡಿಸ್ತು. ತೆಗೆಯೋ ಮಾತೇ ಇಲ್ಲ.”

ರಾಯರ ಕಣ್ಣು ತುಂಬಿ ಬಂತು. ಅವರ ಹೆಣಿಗೆಯನ್ನು ಇದುವರೆಗೆ ಯಾರೂ ಇಷ್ಟು ಮೆಚ್ಚಿರಲಿಲ್ಲ. ಭಾವ ಹಾಳಾಗಿ ಹೋಗಲಿ ಎಂದು ಮನಸ್ಸಿನಲ್ಲೇ ಅಂದುಕೊಂಡು, ಬೀರುವಿನಿಂದ ಆಕಾಶನೀಲಿಯನ್ನು ಬಾಚಿ ಚೀಲಕ್ಕೆ ತುಂಬಿಕೊಂಡು ರಾಜಾರೋಷವಾಗಿ ಮನೆಗೆ ನಡೆದರು.

ಸ್ವೆಟರ್ ಇಲ್ಲದ್ದು ಕಂಡು ಹೆಂಡತಿ ಮೊದಲು ಸಿಡಿದರು. ಕತೆ ಕೇಳುತ್ತ ಕೇಳುತ್ತ ಕರಗಿದರು. “ಸಾಹೇಬರೇ ಮೆಚ್ಚಿದ್ರಾ? ಹೋಗ್ಲಿ ಬಿಡಿ, ಮುಗಿಸಿದ್ರಲ್ಲ, ಅಷ್ಟು ಸಾಕು. ಅಣ್ಣನಿಗೆ ನಾನು ಸಮಾಧಾನ ಹೇಳ್ತೀನಿ.”

ರಾಯರು ಕುರ್ಚಿಯಲ್ಲಿ ಕಾಲು ಚಾಚಿ ಕೂತು ಕಡ್ಡಿಗೆ ನೀಲಿ ಎಳೆ ಏರಿಸಿದರು. ಬೆರಳಿಗೆ ಬೆಣ್ಣೆ ಸೋಕಿದಂತಾಯಿತು. ಖುಷಿ ತಡೆಯಲಾರದೆ ಕತೆ ಮುಂದುವರಿಸಿದರು. “ನನ್ನ ಕೈಚಳಕ ನೀನು ನೋಡ್ಬೇಕಿತ್ತು ಕಣೆ. ಮೇಡಂ ಮೆಟ್ಟಿಲು ಹತ್ತುತ್ತಾ ಇದ್ದಾರೆ, ನಾನು ಸಾಹೇಬರ ಕುತ್ತಿಗೆ ಮೇಲೇ ಎಲ್ಲಾ ಕುಣಿಕೆ ಮುಚ್ಚಿಬಿಟ್ಟೆ!”

ಹೆಂಡತಿ ಕೈಲಿದ್ದ ಲೋಟ ಕೆಳಗಿಟ್ಟರು.

“ತಲೆ ಆಚೆ ಬಂದ ಮೇಲೆ ಮುಚ್ಚಿದ್ರಾ?”

“ಹೂಂ.”

“ಗಾಬರೀಲಿ?”

“ಹೂಂ… ಯಾಕೆ?”

“ರೀ, ಸಾಹೇಬರು ಸ್ವೆಟರ್ ತೆಗೀಲಿಲ್ವೋ, ತೆಗೆಯೋಕೆ ಆಗ್ಲಿಲ್ವೋ?”

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸಾಹೇಬರ ಹೆಂಡತಿ. “ರಾಯರೇ, ಬೇಗ ಬನ್ನಿ! ಇವರಿಗೆ ಸೆಖೆ ತಡೆಯೋಕೆ ಆಗ್ತಿಲ್ಲ. ಅರ್ಧ ತಲೆ ಒಳಗೆ, ಅರ್ಧ ಹೊರಗೆ. ಬಂದು ಬಿಚ್ಚಿ, ನಿಮ್ಮ ಸ್ವೆಟರ್ ನೀವೇ ತಗೊಂಡು ಹೋಗಿ!”

ಹೆಂಡತಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ನಗುತ್ತಲೇ ರಾಯರ ಮಡಿಲಿನ ನೀಲಿ ಉಲ್ಲನ್ ಎತ್ತಿ ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ರಾಯರು ಬರಿ ಕಡ್ಡಿ ಹಿಡಿದು ಬಾಗಿಲು ತೆರೆದರೆ, ಎದುರಿಗೆ ಆ ದೊಡ್ಡ ತಲೆ ಬಾಗಿಲ ತುಂಬ ನಗುತ್ತಿತ್ತು.

“ಏನ್ರಾಯರೇ, ನನ್ನ ಸ್ವೆಟರ್ ಆಯ್ತಾ?” ಎಂದರು ಭಾವ.

“ಆದ ಹಾಗೇ ಭಾವ” ಎಂದು ರಾಯರು ಚಪ್ಪಲಿ ಮೆಟ್ಟಿದರು. “ಕುತ್ತಿಗೆ ಒಂದೇ ಬಾಕಿ.”